ವೇಷವಿಲ್ಲದ ಆಟ, ಸ್ಕ್ರಿಪ್ಟ್ ಇಲ್ಲದ ಮಾತು

ಐದನೇ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಪದ ಜ್ವರದಂತೆ ಹರಡುತ್ತದೆ: ಕಮ್ಯುನಿಕೇಷನ್ ಸ್ಕಿಲ್. ಕೋಡಿಂಗ್ ಬರದಿದ್ದರೂ ಕಲಿಯಬಹುದು, ಮಾತು ಬರದಿದ್ದರೆ ಕಷ್ಟ ಎಂದು ಸೀನಿಯರ್‌ಗಳು ಹೆದರಿಸುತ್ತಾರೆ. ಆಮೇಲೆ ತರಬೇತಿ ಶುರು. ಹತ್ತು ಜನರನ್ನು ವೃತ್ತಾಕಾರದಲ್ಲಿ ಕೂರಿಸಿ, ಒಂದು ವಿಷಯ ಕೊಟ್ಟು, ಹದಿನೈದು ನಿಮಿಷದ ಗ್ರೂಪ್ ಡಿಸ್ಕಷನ್. ನಮಗೆ ತರಬೇತಿ ಕೊಡಲು ಬಂದವರೊಬ್ಬರು ಹೇಳಿದ ಸೂತ್ರ ಇದು: ಮೊದಲು ನೀವೇ ಬಾಯಿ ತೆರೆಯಿರಿ, ಯಾರಾದರೂ ಉಸಿರು ತೆಗೆದುಕೊಳ್ಳುವಾಗ ಮಧ್ಯೆ ನುಗ್ಗಿ, ಬಿಟ್ಟುಕೊಡಬೇಡಿ. ನಾವೂ ನುಗ್ಗಿದೆವು. ಹತ್ತು ಜನ ಒಟ್ಟಿಗೆ ಮಾತನಾಡಿದೆವು. ಮುಗಿದ ಮೇಲೆ ಪಕ್ಕದವನು ಏನು ಹೇಳಿದ ಎಂದು ಕೇಳಿದ್ದರೆ ಒಬ್ಬರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ.

ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಇಂಥ ಕಡೆ ಕುಗ್ಗಿ ಕೂರುವುದನ್ನು ನೀವೂ ನೋಡಿರಬಹುದು. ನಮಗೆ ಮಾತೇ ಬರುವುದಿಲ್ಲ ಎಂದು ಅವರೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನಗೆ ಮಾತ್ರ ಇದು ವಿಚಿತ್ರವಾಗಿ ಕಾಣುತ್ತದೆ. ಏಕೆಂದರೆ ನಾನು ಬಂದಿರುವ ಕಡೆ, ಎಸ್ಸೆಸ್ಸೆಲ್ಸಿ ದಾಟದ ಅಡಿಕೆ ಬೆಳೆಗಾರರು ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅರ್ಧ ಗಂಟೆ ತರ್ಕಬದ್ಧವಾಗಿ ವಾದ ಮಾಡುತ್ತಾರೆ. ಎದುರಿನವರ ವಾದವನ್ನೂ ಅಷ್ಟೇ ಹೊತ್ತು ಸುಮ್ಮನೆ ಕೂತು ಕೇಳುತ್ತಾರೆ. ಅದಕ್ಕೆ ತಾಳಮದ್ದಳೆ ಎಂದು ಹೆಸರು.

ನನ್ನೂರು ನೆಮ್ಮಾರ್. ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಕಾರ್ಕಳಕ್ಕೆ ಇಳಿಯುವ ರಸ್ತೆಯಲ್ಲಿ, ತುಂಗಾ ನದಿಯ ದಡದಲ್ಲಿ ಸಿಗುವ ಊರು. ಬಸ್ಸಿನಲ್ಲಿ ಹೋಗುವವರು ತೋಟ, ಹೊಳೆ, ಕಾಡು ಅಂತ ಮೂರು ಫೋಟೊ ತೆಗೆದುಕೊಳ್ಳುವಷ್ಟರಲ್ಲಿ ಊರು ಮುಗಿದಿರುತ್ತದೆ. ಘಟ್ಟದ ಕೆಳಗೆ ಯಕ್ಷಗಾನದ ಮೇಳಗಳು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಮಳೆಯಲ್ಲಿ ಬಯಲಾಟ ಆಡುವುದು ಹೇಗೆ? ಆದರೆ ಕಥೆ ಕೇಳುವ ಚಟ ಮಳೆ ಬಂತೆಂದು ನಿಲ್ಲುವುದಿಲ್ಲವಲ್ಲ. ರಂಗಸ್ಥಳವನ್ನು ಜಗಲಿಯ ಮೇಲೆ ತಂದು, ವೇಷ ಕಳಚಿ, ಕುಣಿತ ಬಿಟ್ಟು, ಉಳಿದದ್ದನ್ನಷ್ಟೇ ಇಟ್ಟುಕೊಂಡರೆ ಅದು ತಾಳಮದ್ದಳೆ. ಹಾಡು ಮತ್ತು ಮಾತು. ಒಂದು ಕಡೆ ಭಾಗವತರು, ಮದ್ದಳೆ, ಚೆಂಡೆ. ಎದುರು ಬದುರಾಗಿ ಪಂಚೆ ಶಲ್ಯದಲ್ಲಿ ಕೂತ ನಾಲ್ಕೈದು ಅರ್ಥಧಾರಿಗಳು. ಕಿರೀಟವಿಲ್ಲ, ಬಣ್ಣವಿಲ್ಲ. ಮಾತಿನಿಂದಲೇ ಒಬ್ಬರು ರಾವಣ, ಒಬ್ಬರು ಅಂಗದ ಎಂದು ನಾವು ನಂಬಬೇಕು. ನಂಬುತ್ತೇವೆ ಕೂಡ.

ಇದು ಎಷ್ಟು ಹಳೆಯದು ಎಂಬ ಪ್ರಶ್ನೆಗೆ ವಿದ್ವಾಂಸರು ಸಾಮಾನ್ಯವಾಗಿ ತೋರಿಸುವುದು ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವನ್ನು. ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆ ಅದು. ಕರಾವಳಿಯದ್ದು, ಮಲೆನಾಡಿನದ್ದು ಎಂದು ನಾವು ಬೀಗುವ ಕಲೆಯ ಹಳೆಯ ಸಾಕ್ಷಿ ಬಯಲುಸೀಮೆಯಲ್ಲಿ ಸಿಗುವುದು ನನಗೆ ಖುಷಿ ಕೊಡುತ್ತದೆ. ಹುಬ್ಬಳ್ಳಿ, ವಿಜಯಪುರದ ಗೆಳೆಯರ ಎದುರು ಇದನ್ನು ಹೇಳಿದರೆ ಅವರೂ ಕಿವಿ ನೆಟ್ಟಗೆ ಮಾಡುತ್ತಾರೆ.

ಕೆಲಸ ಮಾಡುವ ರೀತಿ ಹೀಗೆ. ಭಾಗವತರು ಪ್ರಸಂಗದಿಂದ ಒಂದು ಪದ್ಯ ಹಾಡುತ್ತಾರೆ. ನಾಲ್ಕು ಸಾಲಿನ ಪದ್ಯ ಎಂದುಕೊಳ್ಳಿ. ಅದರಲ್ಲಿ ಕಥೆಯ ಒಂದು ಹೆಜ್ಜೆ ಮಾತ್ರ ಇರುತ್ತದೆ. ಪಾತ್ರ ಏನು ಹೇಳಿತು ಎಂಬುದರ ಎಲುಬು. ಅದಕ್ಕೆ ರಕ್ತ ಮಾಂಸ ತುಂಬುವುದು ಅರ್ಥಧಾರಿಯ ಕೆಲಸ. ಬರೆದ ಸಂಭಾಷಣೆ ಇಲ್ಲ, ಕಂಠಪಾಠವಿಲ್ಲ. ಮೊದಲು ಪೀಠಿಕೆ: ನಾನು ಯಾರು, ಯಾವ ಸ್ಥಿತಿಯಲ್ಲಿದ್ದೇನೆ, ನನ್ನ ಮನಸ್ಸು ಈಗ ಹೇಗಿದೆ. ನಮ್ಮ ಇಂಟರ್‌ವ್ಯೂಗಳಲ್ಲಿ ಎಲ್ಲರೂ ಬೆವರುವ ಮೊದಲ ಪ್ರಶ್ನೆ ಇದೆಯಲ್ಲ, ನಿಮ್ಮ ಬಗ್ಗೆ ಹೇಳಿ ಅಂತ, ಅದೇ. ಆಮೇಲೆ ಸಂವಾದ. ಎದುರಿನ ಪಾತ್ರ ಏನು ಕೇಳುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಕೇಳಿದ್ದಕ್ಕೆ ಅಲ್ಲೇ ಉತ್ತರಿಸಬೇಕು, ಪದ್ಯದ ಚೌಕಟ್ಟು ಮೀರಬಾರದು, ಕೊನೆಯಲ್ಲಿ ಮಾತನ್ನು ತಂದು ಭಾಗವತರು ಮುಂದಿನ ಪದ್ಯ ಎತ್ತುವ ಜಾಗಕ್ಕೇ ನಿಲ್ಲಿಸಬೇಕು.

ಒಂದು ಉದಾಹರಣೆ ಕೊಡದೆ ಇದರ ರುಚಿ ತಿಳಿಯುವುದಿಲ್ಲ. ವಾಲಿಯ ಪ್ರಸಂಗ ತೆಗೆದುಕೊಳ್ಳೋಣ. ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳಲ್ಲಿ ಇದೂ ಒಂದು. ಮರದ ಮರೆಯಿಂದ ಬಂದ ಬಾಣ ನಾಟಿ ವಾಲಿ ಬಿದ್ದಿದ್ದಾನೆ. ರಾಮ ಹತ್ತಿರ ಬರುತ್ತಾನೆ. ಸಾಯುತ್ತಿರುವವನು ಕೇಳುತ್ತಾನೆ: ನಿನಗೂ ನನಗೂ ಏನು ವೈರ? ನಿನ್ನ ರಾಜ್ಯಕ್ಕೆ ನಾನು ಕಾಲಿಟ್ಟೆನೇ? ಎದುರು ನಿಂತು ಹೊಡೆಯಲು ನಿನಗೇನು ಅಡ್ಡಿಯಿತ್ತು? ಹೆಂಡತಿಯನ್ನು ಹುಡುಕಬೇಕಿದ್ದರೆ ಸುಗ್ರೀವನೇ ಏಕೆ ಬೇಕಿತ್ತು, ನನ್ನನ್ನು ಕೇಳಿದ್ದರೆ ರಾವಣನನ್ನೇ ಎಳೆದು ತರುತ್ತಿದ್ದೆನಲ್ಲ? ರಾಮನ ಬಳಿ ವಾಲ್ಮೀಕಿ ಕೊಟ್ಟ ಉತ್ತರಗಳಿವೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ, ದಂಡಿಸುವುದು ರಾಜಧರ್ಮ. ಇನ್ನು ಮರೆಯಿಂದ ಹೊಡೆದದ್ದು ಏಕೆಂದರೆ ನೀನು ಮೃಗ, ಬೇಟೆಯಲ್ಲಿ ಮರೆ ನಿಲ್ಲುವುದು ತಪ್ಪಲ್ಲ.

ಇಲ್ಲಿ ಒಳ್ಳೆಯ ವಾಲಿ ಸಿಕ್ಕಿದರೆ ಚಾವಡಿ ನಿಶ್ಶಬ್ದವಾಗುತ್ತದೆ. ಆತ ನಿಧಾನವಾಗಿ ಕೇಳುತ್ತಾನೆ: ನಾನು ಮೃಗವೋ ಅಲ್ಲವೋ, ಮೊದಲು ಅದನ್ನು ಹೇಳು. ಮೃಗವಾದರೆ ತಮ್ಮನ ಹೆಂಡತಿ ಎಂಬ ಧರ್ಮ ನನಗೆ ಅನ್ವಯಿಸುವುದಿಲ್ಲ. ಧರ್ಮ ಅನ್ವಯಿಸುವುದಾದರೆ ನಾನು ಮೃಗವಲ್ಲ, ಮರೆಯಿಂದ ಹೊಡೆಯುವ ಹಕ್ಕು ನಿನಗಿಲ್ಲ. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳುವುದಾದರೆ ಇಫ್ ಕಡೆ ಹೋದರೂ ಸೋಲು, ಎಲ್ಸ್ ಕಡೆ ಹೋದರೂ ಸೋಲು. ಈ ಗಂಟನ್ನು ಬಿಡಿಸಲು ರಾಮನ ಅರ್ಥ ಹೇಳುವವರು ಎಷ್ಟು ದಾರಿ ಹುಡುಕಿದ್ದಾರೋ! ನಾನು ಕೇಳಿದ ಒಂದು ರಾತ್ರಿಯ ರಾಮ ಹೀಗೆ ಹೇಳಿದ: ಕಿಷ್ಕಿಂಧೆಗೆ ರಾಜ ಎಂದು ಸಿಂಹಾಸನದಲ್ಲಿ ಕೂತಾಗ, ಸಂಧ್ಯಾವಂದನೆ ಮಾಡಿದಾಗ, ತಮ್ಮನನ್ನು ದ್ರೋಹಿ ಎಂದು ಊರು ಬಿಡಿಸಿದಾಗ ನೀನು ಮೃಗವಾಗಿರಲಿಲ್ಲ. ದ್ರೋಹ ಎಂಬ ಪದ ಗೊತ್ತಿದ್ದವನಿಗೆ ಧರ್ಮ ಎಂಬ ಪದವೂ ಗೊತ್ತಿರಬೇಕು. ವಾಲಿಯ ಅರ್ಥಧಾರಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, ಹಾಗಾದರೆ ಮರ ಏಕೆ ಎಂದು ಮತ್ತೆ ಶುರು ಮಾಡಿದರು. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಇದು. ನಿದ್ದೆ ಎಲ್ಲಿಂದ ಬರಬೇಕು?

ಗಮನಿಸಬೇಕಾದ ವಿಷಯ, ವಾಲಿ ವಾದದಲ್ಲಿ ಗೆದ್ದರೂ ಕಥೆಯಲ್ಲಿ ಸಾಯಲೇಬೇಕು. ಕೃಷ್ಣ ಸಂಧಾನದಲ್ಲಿ ಕೃಷ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೌರವ ಒಪ್ಪಬಾರದು. ಒಪ್ಪಿದರೆ ಮಹಾಭಾರತವೇ ಇಲ್ಲ! ಫಲಿತಾಂಶ ಮೊದಲೇ ಎಲ್ಲರಿಗೂ ಗೊತ್ತಿರುವ ಪಂದ್ಯ ಇದು. ಹಾಗಿದ್ದ ಮೇಲೆ ಗೆಲ್ಲುವುದಕ್ಕಾಗಿ ವಾದಿಸುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಉಳಿಯುವುದು ಇಷ್ಟೇ: ಇವನು ಹೀಗೆ ಏಕೆ ಮಾಡಿದ ಎಂಬುದನ್ನು ಅವನ ಒಳಗಿನಿಂದ ನೋಡಿ ತೋರಿಸುವುದು. ನಮ್ಮ ಕಡೆ ಒಬ್ಬರು ವರ್ಷಗಳಿಂದ ಕೌರವನ ಅರ್ಥ ಹೇಳುತ್ತಾರೆ. ಸ್ವಭಾವದಲ್ಲಿ ಬೇಲಿ ಜಗಳಕ್ಕೂ ಹೋಗದ ಮನುಷ್ಯ. ಐದು ಹಳ್ಳಿಯನ್ನೂ ಕೊಡುವುದಿಲ್ಲ ಎಂದು ಅವರು ಕಾರಣ ಸಮೇತ ಹೇಳುವುದನ್ನು ಕೇಳಿದರೆ, ಹಟಮಾರಿಗಳು ಹೇಗೆ ಯೋಚಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಮರುವರ್ಷ ಅದೇ ವ್ಯಕ್ತಿಗೆ ವಿದುರನ ಅರ್ಥ ಬರಬಹುದು. ಹೋದ ಸಲ ತಾನೇ ಕಟ್ಟಿದ ವಾದವನ್ನು ಈ ಸಲ ತಾನೇ ಒಡೆಯಬೇಕು. ಮೊಬೈಲ್‌ನಲ್ಲಿ ಕಾಮೆಂಟ್ ಓದುತ್ತಾ ಬೆಳೆದ ನಮ್ಮ ತಲೆಮಾರಿಗೆ ಈ ಅಭ್ಯಾಸ ಎಲ್ಲಿ ಸಿಗುತ್ತದೆ?

ಇದೇ ಹೊಳೆಯ ಕೆಳಗೆ, ಶೃಂಗೇರಿ ಮಠದಲ್ಲಿ, ಪ್ರತಿ ವರ್ಷ ಗಣೇಶ ಚೌತಿಯ ಹೊತ್ತಿಗೆ ಮಹಾಗಣಪತಿ ವಾಕ್ಯಾರ್ಥ ವಿದ್ವತ್ ಸಭೆ ಸೇರುತ್ತದೆ. ಪಂಡಿತರು ಸಂಸ್ಕೃತದಲ್ಲಿ ಶಾಸ್ತ್ರ ವಿಚಾರ ಮಾಡುತ್ತಾರೆ. ನನಗೆ ಅದರಲ್ಲಿ ಹೆಚ್ಚೇನೂ ಅರ್ಥವಾಗುವುದಿಲ್ಲ. ಆದರೆ ಅಲ್ಲಿನ ಕ್ರಮ ಗೊತ್ತು: ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಮೊದಲು ಹೇಳಬೇಕು. ಅದಾದ ಮೇಲೆ ಖಂಡನೆ. ಪಂಡಿತರು ಸಂಸ್ಕೃತದಲ್ಲಿ ಮಾಡುವುದನ್ನು ನಮ್ಮ ಊರಿನವರು ತೋಟಕ್ಕೆ ಔಷಧಿ ಹೊಡೆದು ಬಂದು, ಸ್ನಾನ ಮಾಡಿ, ಕನ್ನಡದಲ್ಲಿ ಮಾಡುತ್ತಾರೆ. ಯಾರಿಂದ ಯಾರು ಕಲಿತರು ಎಂದು ನಾನು ಹೇಳಲಾರೆ. ಒಂದೇ ನೀರು ಕುಡಿದವರು ಎಂದಷ್ಟೇ ಹೇಳಬಹುದು.

ಇನ್ನು ನಡವಳಿಕೆಯ ಮಾತು. ತಾಳಮದ್ದಳೆಯಲ್ಲಿ ಯಾರೂ ಪುಸ್ತಕ ಮಾಡಿ ಬರೆದಿಡದ ಶಿಸ್ತು ಬೇಕಾದಷ್ಟಿದೆ. ಎದುರಿನವರು ಮುಗಿಸುವ ತನಕ ಬಾಯಿ ಹಾಕಬಾರದು. ಅವರಿಗೆ ಹೊಳೆಯದ ಪ್ರಶ್ನೆ ಕೇಳಿ ಸಿಕ್ಕಿಹಾಕಿಸಿ ಚಪ್ಪಾಳೆ ಗಿಟ್ಟಿಸುವುದು ದೊಡ್ಡತನವಲ್ಲ. ಹೊಸಬ ತಡವರಿಸಿದರೆ ಹಿರಿಯ ಅರ್ಥಧಾರಿ ತನ್ನ ಪಾತ್ರದೊಳಗಿಂದಲೇ, ನೀನು ಹೇಳಲು ಹೊರಟದ್ದು ಇದೇ ಅಲ್ಲವೇ ಎಂದು ದಾರಿ ತೋರಿಸಿ ಕೊಡುತ್ತಾನೆ. ಕೇಳುಗರಿಗೆ ಅದು ಗೊತ್ತೇ ಆಗುವುದಿಲ್ಲ. ಮುಗಿದ ಮೇಲೆ ರಾವಣನೂ ಅಂಗದನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ. ಭಾಷೆಯ ಶಿಸ್ತಂತೂ ಇನ್ನೂ ಗಟ್ಟಿ. ಮೂರು ನಾಲ್ಕು ಗಂಟೆ ಒಂದು ಇಂಗ್ಲಿಷ್ ಪದ ಬಾರದಂತೆ ಮಾತಾಡುತ್ತಾರೆ. ಈ ಲೇಖನದಲ್ಲಿ ನಾನು ಬಳಸಿರುವ ಇಂಗ್ಲಿಷ್ ಪದಗಳನ್ನು ಎಣಿಸಿದರೆ ನಮ್ಮೂರಿನ ಯಾವ ಭಾಗವತರೂ ನನಗೆ ಸುಗ್ರೀವನ ದೂತನ ಅರ್ಥವನ್ನೂ ಕೊಡಲಿಕ್ಕಿಲ್ಲ!

ಇದಕ್ಕೆಲ್ಲ ಓದು ಬೇಕು. ಕುಮಾರವ್ಯಾಸ, ತೊರವೆ ರಾಮಾಯಣ, ಜೈಮಿನಿ ಭಾರತ ಇವು ಅರ್ಥಧಾರಿಗಳ ಕೈಪಿಡಿಗಳು. ಸುಧನ್ವಾರ್ಜುನ ಪ್ರಸಂಗದ ಕಥೆ ಜೈಮಿನಿಯದ್ದು. ಅದನ್ನು ಕನ್ನಡಕ್ಕೆ ತಂದ ಲಕ್ಷ್ಮೀಶ ನಮ್ಮದೇ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನು ಎನ್ನುತ್ತಾರೆ. ಪರೀಕ್ಷೆಗಾಗಿ ನಾವು ಹಳಗನ್ನಡ, ನಡುಗನ್ನಡ ಎಂದು ಗೋಳಾಡುತ್ತೇವೆ. ತಾಳಮದ್ದಳೆಯ ಮನೆಗಳಲ್ಲಿ ಅದೇ ಪುಸ್ತಕ ಬೆನ್ನು ಹರಿದು, ಅಂಚು ಕಪ್ಪಾಗಿ, ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲಿರುತ್ತದೆ. ನಾಳೆ ಜನರೆದುರು ಬಳಸಲಿಕ್ಕಿದೆ ಎಂದು ಓದುವುದಕ್ಕೂ ಹತ್ತು ಅಂಕಕ್ಕೆ ಓದುವುದಕ್ಕೂ ಎಷ್ಟು ವ್ಯತ್ಯಾಸ!

ಈ ಕಲೆಯ ದೊಡ್ಡ ಹೆಸರುಗಳು ಹೆಚ್ಚಿನವು ಘಟ್ಟದ ಕೆಳಗಿನವು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯನವರು. ಶೇಣಿಯವರ ವಾಲಿ, ರಾವಣರ ಬಗ್ಗೆ ಕೇಳಿದವರು ಈಗಲೂ ಮೊನ್ನೆ ಕೇಳಿದಂತೆ ವರ್ಣಿಸುತ್ತಾರೆ. ಡಾ. ಎಂ. ಪ್ರಭಾಕರ ಜೋಶಿಯವರು ಕೃಷ್ಣ ಸಂಧಾನ ಎಂಬ ಒಂದೇ ಪ್ರಸಂಗವನ್ನು ಹಿಡಿದು ಪಿಎಚ್.ಡಿ. ಮಾಡಿದವರು. ಇವತ್ತು ಕೇಳಬೇಕೆನಿಸಿದರೆ ಜಬ್ಬಾರ್ ಸಮೋ ಸಂಪಾಜೆಯವರ ಅರ್ಥ ಕೇಳಿ. ಯಾವ ಪುರಾಣ ಯಾರದ್ದು ಎಂದು ಗೆರೆ ಎಳೆಯುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಮಾತಿನ ಬಗ್ಗೆಯೇ ಹೇಳುತ್ತಾ ಮದ್ದಳೆಯನ್ನು ಬಿಟ್ಟರೆ ಎಂಜಿನಿಯರಿಂಗ್ ಓದುವವನಿಗೆ ಮರ್ಯಾದೆಯಲ್ಲ. ಸಾಮಾನ್ಯ ಚರ್ಮದ ಹೊದಿಕೆಯನ್ನು ಬಡಿದರೆ ಬರುವ ಮೇಲ್ಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಆದ್ದರಿಂದ ಅದು ಶ್ರುತಿಗೆ ಕೂರುವುದಿಲ್ಲ, ಬರೀ ಸದ್ದಾಗುತ್ತದೆ. ಚರ್ಮದ ನಡುವೆ ಕಪ್ಪು ಕರಣೆ ಹಾಕಿ ತೂಕ ಹೆಚ್ಚಿಸಿದಾಗ ಆ ಮೇಲ್ಸ್ವರಗಳು ಎರಡು, ಮೂರು, ನಾಲ್ಕು ಎಂಬ ಪೂರ್ಣ ಪಟ್ಟುಗಳ ಹತ್ತಿರ ಬರುತ್ತವೆ. ಮೃದಂಗ, ತಬಲಾಗಳ ಈ ಗುಟ್ಟಿನ ಬಗ್ಗೆ ಸಿ.ವಿ. ರಾಮನ್ ಸಹೋದ್ಯೋಗಿಯೊಂದಿಗೆ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಮದ್ದಳೆಯ ಕರಣೆಯದ್ದೂ ಅದೇ ಕೆಲಸ. ಸಮೀಕರಣ ಗೊತ್ತಿಲ್ಲದ ಕೈಗಳು ಅನ್ನ ಅರೆದು, ಪುಡಿ ಬೆರೆಸಿ, ಪದರ ಪದರವಾಗಿ ಉಜ್ಜಿ, ಕಿವಿಯಿಂದಲೇ ಅಳೆದು ಇದನ್ನು ಸಾಧಿಸಿದ್ದವು. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಸಡಿಲವಾಗುತ್ತದೆ. ಅದಕ್ಕೇ ಕಾರ್ಯಕ್ರಮಕ್ಕೆ ಮೊದಲು ಬಚ್ಚಲ ಒಲೆಯ ಹತ್ತಿರ ಮನುಷ್ಯರಿಗಿಂತ ಮುಂಚೆ ಮದ್ದಳೆಗೆ ಜಾಗ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟ ಹೋದ ಮನೆಯಲ್ಲಿ ಮಕ್ಕಳು ನಿಲ್ಲುವುದು ಹೇಗೆ? ಅವರು ಬೆಂಗಳೂರಿಗೆ ಹೋದರು. ಹೋಗಬೇಕಾಗಿತ್ತು, ನಾನೂ ಹೋಗುವವನೇ. ದೊಡ್ಡ ಜಗಲಿಯ ಮನೆಗಳಲ್ಲಿ ಇಬ್ಬರು ವಯಸ್ಸಾದವರು, ಒಂದು ನಾಯಿ. ತಾಳಮದ್ದಳೆ ನಡೆಯಲು ಸ್ಟೇಜು, ಲೈಟು, ದುಡ್ಡು ಯಾವುದೂ ಬೇಡ ನಿಜ. ಆದರೆ ಐದು ಬಾಯಿ, ಇಪ್ಪತ್ತು ಕಿವಿ ಬೇಕು. ಅದೇ ಸಿಗುತ್ತಿಲ್ಲ. ಕಲೆಯನ್ನು ಉಳಿಸಿ ಎಂದು ಭಾಷಣ ಮಾಡುವವರು ತೋಟಕ್ಕೆ ಏನಾಗಿದೆ ಎಂದು ಒಮ್ಮೆ ಕೇಳಿದರೆ ಒಳ್ಳೆಯದು. ಹಸಿದ ಊರಿನಲ್ಲಿ ಕೌರವ ಎಷ್ಟು ಹೊತ್ತು ಮಾತಾಡಿಯಾನು?

ಹಾಗೆಂದು ಈ ಕಲೆಯಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಹೇಳುವುದಿಲ್ಲ. ಬಹುಕಾಲ ಇದು ಗಂಡಸರ ಕೂಟವಾಗಿತ್ತು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ನಡುರಾತ್ರಿಯ ಕಾಫಿ ಮಾಡಿದವರೂ ಅವರೇ. ಈಗ ಮಹಿಳೆಯರದೇ ತಾಳಮದ್ದಳೆ ತಂಡಗಳಿವೆ, ಹುಡುಗಿಯರು ಅರ್ಥ ಹೇಳುತ್ತಿದ್ದಾರೆ. ಬಾಗಿಲಲ್ಲಿ ನಿಂತು ಕೇಳಿದವರ ಬಳಿಯೂ ಎಷ್ಟು ಉತ್ತರಗಳಿದ್ದವು ಎಂದು ಈಗ ಗೊತ್ತಾಗುತ್ತಿದೆ. ಇನ್ನು ಕೆಲವು ಅರ್ಥಧಾರಿಗಳ ಪಾಂಡಿತ್ಯ ಪ್ರದರ್ಶನ. ಶ್ಲೋಕದ ಮೇಲೆ ಶ್ಲೋಕ ಉದುರಿಸಿ ಪಾತ್ರವನ್ನೇ ಮರೆಯುವವರು, ಪಾತ್ರದ ನೆಪದಲ್ಲಿ ಎದುರಿನವರಿಗೆ ಸ್ವಂತ ಚುಚ್ಚುಮಾತು ಆಡುವವರು ಇದ್ದಾರೆ. ಅಂಥ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ತಾಳಮದ್ದಳೆ ಕೇಳಿದರೆ ಪ್ಯಾಕೇಜ್ ಏರುವುದಿಲ್ಲ. ಕಂಪನಿಗಳು ಕೇಳುವುದು ಜಾವಾ, ಪೈಥಾನ್. ಇಂಗ್ಲಿಷ್ ಕಲಿಯಲೇಬೇಕು, ನಾನೂ ಕಲಿಯುತ್ತಿದ್ದೇನೆ. ಆದರೆ ಇಂಗ್ಲಿಷ್‌ನಲ್ಲಾದರೂ ಹೇಳುವುದಕ್ಕೆ ಏನಾದರೂ ಇರಬೇಕಲ್ಲ. ವಾದವನ್ನು ಎಲ್ಲಿ ಶುರು ಮಾಡಬೇಕು, ಎದುರಿನವರ ಮಾತಿನಲ್ಲಿ ಯಾವುದನ್ನು ಒಪ್ಪಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಾಯ್ನುಡಿಯಲ್ಲಿ ಒಮ್ಮೆ ಪಳಗಿಸಿಕೊಂಡರೆ ಭಾಷೆ ಬದಲಿಸುವುದು ಸುಲಭ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಪರೀಕ್ಷಿಸಲೆಂದೇ ಕಳೆದ ಆಗಸ್ಟ್‌ನಲ್ಲಿ ನಮ್ಮ ಹಾಸ್ಟೆಲ್‌ನ ಮೆಸ್‌ನಲ್ಲಿ, ಊಟ ಮುಗಿದ ಮೇಲೆ, ಆರು ಜನ ಕೂತು ಅಂಗದ ಸಂಧಾನ ಮಾಡಿದೆವು. ಭಾಗವತರಿಲ್ಲ. ಮೊಬೈಲ್‌ನಲ್ಲಿ ಹಳೆಯ ಧ್ವನಿಮುದ್ರಣ ಹಾಕಿಕೊಂಡೆವು. ರಾವಣನಾಗಿ ಕೂತವನು ವಿಜಯಪುರದ ಗೆಳೆಯ, ತಾಳಮದ್ದಳೆ ಎಂಬ ಪದವನ್ನು ಹದಿನೈದು ದಿನದ ಹಿಂದೆ ಕೇಳಿದವನು. ಮನೆಯಲ್ಲಿ ಅಜ್ಜನಿಂದ ಕೇಳಿದ ಕುಮಾರವ್ಯಾಸ ಅವನಿಗೆ ನಮಗಿಂತ ಚೆನ್ನಾಗಿ ನೆನಪಿತ್ತು. ಅಪ್ಪನನ್ನು ಕೊಂದವನ ಪರವಾಗಿ ಸಂಧಾನಕ್ಕೆ ಬಂದಿರುವೆಯಲ್ಲೋ ತಮ್ಮಾ, ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಅವನು ತನ್ನ ಕಡೆಯ ರಾಗದಲ್ಲಿ ಕೇಳಿದಾಗ ಮೆಸ್‌ನ ಅಡುಗೆಯವರೂ ಸೌಟು ಕೆಳಗಿಟ್ಟು ಬಂದು ನಿಂತರು. ಅಂಗದನಾಗಿದ್ದ ನನ್ನ ಉತ್ತರ ಹತ್ತು ನಿಮಿಷ ಹೋಯಿತು. ರಾವಣ ಅದಕ್ಕೆ ಮರುಮಾತು ಜೋಡಿಸುತ್ತಿರುವಾಗ ಧ್ವನಿಮುದ್ರಣದ ಭಾಗವತರು ಮುಂದಿನ ಪದ್ಯ ಎತ್ತಿಯೇಬಿಟ್ಟರು. ಪಾಸ್ ಒತ್ತಿದೆವು, ಮತ್ತೆ ಹಾಕಿದೆವು, ಮತ್ತೆ ಅದೇ. ಮೊಬೈಲ್‌ಗೆ ಹಾಡಲು ಬರುತ್ತದೆ, ಕಾಯಲು ಬರುವುದಿಲ್ಲ. ಎದುರಿನವರ ಮುಖ ನೋಡಿ, ಇವನ ಮಾತು ಇನ್ನೂ ಮುಗಿದಿಲ್ಲ ಎಂದು ತಾಳವನ್ನು ತಡೆದು ಹಿಡಿಯುವ ಭಾಗವತರ ಬೆಲೆ ಏನೆಂದು ಆರೂ ಜನರಿಗೆ ಆ ರಾತ್ರಿ ತಿಳಿಯಿತು. ಈಗ ಎರಡನೇ ವರ್ಷದ ಒಬ್ಬಳು ವಿದ್ಯಾರ್ಥಿನಿ ಭಾಗವತಿಕೆ ಕಲಿಯಲು ಶುರು ಮಾಡಿದ್ದಾಳೆ. ಅವಳಿಗೆ ಸಂಗೀತ ಮೊದಲೇ ಗೊತ್ತು, ತಾಳ ಸ್ವಲ್ಪ ಕೈ ಕೊಡುತ್ತಿದೆ.

ಕೇಳಬೇಕು ಎನ್ನುವವರಿಗೆ ಈಗ ದಾರಿಗಳಿವೆ. ಉಡುಪಿಯ ಯಕ್ಷಗಾನ ಕಲಾರಂಗ ತಾಳಮದ್ದಳೆ ಸಪ್ತಾಹ ನಡೆಸುತ್ತದೆ. ಯೂಟ್ಯೂಬ್‌ನಲ್ಲಿ ಹಳೆಯ ಕೂಟಗಳು ಬೇಕಾದಷ್ಟಿವೆ. ಶುರುವಿಗೆ ಕೃಷ್ಣ ಸಂಧಾನವೋ ವಾಲಿಯ ಪ್ರಸಂಗವೋ ಆಯ್ದುಕೊಳ್ಳಿ, ಅರ್ಧ ಗಂಟೆ ತಾಳ್ಮೆ ಇರಲಿ. ನಮ್ಮ ಕಡೆ ಬರುವುದಾದರೆ ಶ್ರಾವಣದಲ್ಲಿ ಬನ್ನಿ. ಸುಗ್ರೀವನ ಅರ್ಥ ಹೇಳುತ್ತಿದ್ದವರು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಕೂತಿದ್ದಾರೆ, ಆ ಜಾಗ ಇನ್ನೂ ಖಾಲಿಯಿದೆ. ಮಾತಾಡಲು ಒಲ್ಲದವರು ಕೇಳಲು ಕೂತರೂ ಊಟ ಉಂಟು. ಕೊಡೆ ಮರೆಯಬೇಡಿ. ತೋಟದ ದಾರಿಯಲ್ಲಿ ಉಂಬಳ ಇರುತ್ತವೆ, ಕಾಲಿಗೆ ಹಚ್ಚಿಕೊಳ್ಳಲು ಸುಣ್ಣ ಹೊಗೆಸೊಪ್ಪು ನಾವೇ ಕೊಡುತ್ತೇವೆ.